ಗಾಳಿಗೆ ಅಂಜುವ ವಿಮಾನ

ಆಷಾಢ ಬಂತೆಂದರೆ ಬೆಂಗಳೂರಿನ ಬಯಲುಗಳಲ್ಲಿ ಗಾಳಿಪಟಗಳು ಏಳುವುದು ವಾಡಿಕೆ. ಗಾಳಿ ಬಲವಾಗಿ ಬೀಸಲಿ ಎಂದು ಹುಡುಗರು ಹಾರೈಸುವ ಕಾಲ ಅದು. ಆದರೆ ಗಾಳಿ ಬೀಸದಿರಲಿ, ಕಿಟಕಿಯ ಸಂದಿನಿಂದ ಒಂದೆಳೆ ಸುಳಿಗಾಳಿಯೂ ನುಸುಳದಿರಲಿ, ಪಕ್ಕದಲ್ಲಿ ನಿಂತವರು ಸೀನದಿರಲಿ ಎಂದು ಹಾರೈಸುವ ಇನ್ನೊಂದು ಬಗೆಯ ಹಾರಾಟಗಾರರೂ ಲೋಕದಲ್ಲಿ ಉಂಟು. ಅವರು ಹಾರಿಸುವುದು ಪಟವನ್ನಲ್ಲ, ವಿಮಾನವನ್ನು. ಅದೂ ಬಯಲಿನಲ್ಲಲ್ಲ, ಬಾಗಿಲು ಮುಚ್ಚಿದ ಸಭಾಂಗಣದೊಳಗೆ.

ಹಲಸೂರಿನ ಹಳೆಯ ಮನೆಯೊಂದರ ಹಜಾರವನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಬೇಸಗೆಯ ಮಧ್ಯಾಹ್ನ. ಬಾಗಿಲು ಹಾಕಿದೆ, ಕಿಟಕಿ ಮುಚ್ಚಿದೆ. ಹನ್ನೆರಡು ವರ್ಷದ ಬಾಲಕನೊಬ್ಬ ಮೇಜಿನ ಮೇಲೆ ಬಗ್ಗಿ, ಹುಲ್ಲುಕಡ್ಡಿಯಷ್ಟು ತೆಳುವಾದ ಕಡ್ಡಿಗಳನ್ನು ಅಂಟಿಸುತ್ತಿದ್ದಾನೆ. ಅಡಿಗೆಮನೆಯಿಂದ ಬಂದ ತಾಯಿ ಸೆಕೆ ತಾಳಲಾರದೆ ಫ್ಯಾನಿನ ಗುಂಡಿಯ ಕಡೆಗೆ ಕೈ ನೀಡುತ್ತಾಳೆ.

“ಬೇಡಮ್ಮ, ಫ್ಯಾನ್ ಹಾಕಬೇಡ! ರೆಕ್ಕೆ ಇನ್ನೂ ಒಣಗಿಲ್ಲ.”

“ನಿನ್ನ ರೆಕ್ಕೆ ಒಣಗೋ ಹೊತ್ತಿಗೆ ನಾನು ಬೆಂದುಹೋಗಿರ್ತೀನಿ ಕಣೋ,” ಎನ್ನುತ್ತಾಳೆ ತಾಯಿ. ಆದರೂ ನೀಡಿದ ಕೈ ಹಿಂದಕ್ಕೆ ಬರುತ್ತದೆ. ಮೂಲೆಯ ಕುರ್ಚಿಯಲ್ಲಿ ಕುಳಿತ ತಾತ, ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮೀಸೆಯಡಿಯಲ್ಲೇ ನಗುತ್ತಾರೆ.

ತೋರಿಕೆಗೆ ಇದು ಮಕ್ಕಳಾಟಿಕೆ. ಆದರೆ ವಿಮಾನದ ಚರಿತ್ರೆಯೇ ಇಂಥದೊಂದು ಆಟಿಕೆಯಿಂದ ಆರಂಭವಾಯಿತೆಂದರೆ ತಪ್ಪಾಗದು. 1871ರ ಆಗಸ್ಟ್ 18ರಂದು ಪ್ಯಾರಿಸಿನ ಟ್ಯುಲರಿ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣ, ಹುರಿಗೊಳಿಸಿದ ರಬ್ಬರಿನ ಬಲದಿಂದ ತಿರುಗುವ ಪಂಖವುಳ್ಳ ಪುಟ್ಟ ವಿಮಾನವೊಂದನ್ನು ಜನರ ಮುಂದೆ ಹಾರಿಸಿದ. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ಹಾರಿತು. ಯಾರ ಕೈಯ ಆಸರೆಯೂ ಇಲ್ಲದೆ, ಓಲಾಡದೆ, ತನ್ನನ್ನು ತಾನೇ ಸಮತೋಲದಲ್ಲಿಟ್ಟುಕೊಂಡು ಹಾರಿದ್ದೇ ಅದರ ಹಿರಿಮೆ. ಸೊಂಟದ ಕಾಯಿಲೆಯಿಂದ ನೌಕಾದಳ ಸೇರುವ ಆಸೆಯನ್ನು ಕೈಬಿಟ್ಟಿದ್ದ ಪೆನೋ, ಮನುಷ್ಯರನ್ನು ಹೊರುವ ದೊಡ್ಡ ವಿಮಾನಕ್ಕೂ 1876ರಲ್ಲಿ ನಕ್ಷೆ ಸಿದ್ಧಪಡಿಸಿದ. ಹಣ ಕೊಡುವವರು ಸಿಗಲಿಲ್ಲ. ನಿರಾಶೆಯಿಂದ 1880ರಲ್ಲಿ, ಮೂವತ್ತರ ಹರೆಯದಲ್ಲೇ, ಅವನು ಪ್ರಾಣ ಕಳೆದುಕೊಂಡ.

ಆದರೆ ಅವನ ರಬ್ಬರಿನ ಯುಕ್ತಿ ಅವನೊಡನೆ ಮಣ್ಣಾಗಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆಯೇ, 1878ರಲ್ಲಿ, ಅಮೆರಿಕದ ಪಾದ್ರಿಯೊಬ್ಬರು ಪೆನೋನ ಮಾದರಿಯ ಆಟಿಕೆಯೊಂದನ್ನು ತಂದು ತಮ್ಮ ಇಬ್ಬರು ಮಕ್ಕಳ ಕೈಗೆ ಕೊಟ್ಟಿದ್ದರು. ಬೆಂಡು, ಬಿದಿರು, ಕಾಗದ, ರಬ್ಬರುಗಳಿಂದ ಮಾಡಿದ ಆ ಆಟಿಕೆಗೆ ಮಕ್ಕಳು “ಬಾವಲಿ” ಎಂದು ಹೆಸರಿಟ್ಟರು. ಅದು ಮುರಿದುಹೋದಾಗ ಅಳುತ್ತ ಕೂರದೆ ತಾವೇ ಇನ್ನೊಂದನ್ನು ಮಾಡಿದರು. ಇನ್ನೂ ದೊಡ್ಡದಾಗಿ ಮಾಡಿ ನೋಡಿದರು; ದೊಡ್ಡದಾದಷ್ಟೂ ಅದು ಹಾರಲೊಲ್ಲದಾಯಿತು. ಆ ಮಕ್ಕಳೇ ಆರ್ವಿಲ್ ಮತ್ತು ವಿಲ್ಬರ್ ರೈಟ್. ಏಕೆ ಹಾರಲೊಲ್ಲದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡು ಅವರು ನಿಜವಾದ ವಿಮಾನವನ್ನು ಹಾರಿಸಿದ್ದು 1903ರಲ್ಲಿ.

ಒಳಾಂಗಣ ವಿಮಾನದ ಗುಟ್ಟೆಲ್ಲ ತೂಕದಲ್ಲಿ ಅಡಗಿದೆ. ರೆಕ್ಕೆಯ ವಿಸ್ತಾರವನ್ನು ಹಾಗೆಯೇ ಇಟ್ಟು ತೂಕವನ್ನು ಅರ್ಧಕ್ಕಿಳಿಸಿದರೆ, ಹಾರಲು ಬೇಕಾದ ಶಕ್ತಿ ಅರ್ಧಕ್ಕಲ್ಲ, ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಹವ್ಯಾಸಿಗಳು ಗುಲಗಂಜಿಯಷ್ಟು ತೂಕ ಉಳಿಸಲು ದಿನಗಟ್ಟಲೆ ಶ್ರಮಪಡುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳ ಮುಖ್ಯ ವರ್ಗದಲ್ಲಿ ರೆಕ್ಕೆಯ ಅಗಲ 55 ಸೆಂಟಿಮೀಟರ್ ಮೀರುವಂತಿಲ್ಲ. ರಬ್ಬರು ಬಿಟ್ಟು ವಿಮಾನದ ತೂಕ 1.4 ಗ್ರಾಂಗಿಂತ ಕಡಿಮೆಯಾಗುವಂತಿಲ್ಲ, ರಬ್ಬರು 0.4 ಗ್ರಾಂ ಮೀರುವಂತಿಲ್ಲ. ಎಲ್ಲವೂ ಸೇರಿ ಒಂದು ರೂಪಾಯಿಯ ನಾಣ್ಯಕ್ಕಿಂತ ಹಗುರ! ಅಮೆರಿಕದಲ್ಲಿ ಪ್ರಚಾರದಲ್ಲಿರುವ ಇನ್ನೊಂದು ವರ್ಗದಲ್ಲಿ ಆ ದೇಶದ ಸೆಂಟ್ ನಾಣ್ಯವನ್ನೇ ಅಳತೆಯಾಗಿಟ್ಟುಕೊಂಡು, ವಿಮಾನ 3.1 ಗ್ರಾಂ ತೂಗಲೇಬೇಕೆಂದು ಗೊತ್ತುಮಾಡಿದ್ದಾರೆ.

ಇಷ್ಟು ಹಗುರಾದ ವಸ್ತುವನ್ನು ಮಾಡುವುದು ಯಾವುದರಿಂದ? ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುವ ಬಾಲ್ಸಾ ಮರದಿಂದ. ಸಾಮಾನ್ಯ ಬಾಲ್ಸಾ ಅಷ್ಟೇ ಗಾತ್ರದ ನೀರಿನ ಆರರಲ್ಲಿ ಒಂದು ಪಾಲು ಮಾತ್ರ ತೂಗುತ್ತದೆ. ರೆಕ್ಕೆಯ ಹೊದಿಕೆಯನ್ನು ತಯಾರಿಸುವ ಹಿಂದಿನ ಕ್ರಮವಂತೂ ಸೋಜಿಗ ಹುಟ್ಟಿಸುವಂಥದು. ನೈಟ್ರೋಸೆಲ್ಯುಲೋಸಿನ ದ್ರಾವಣವನ್ನು ತೊಟ್ಟಿಯ ನೀರಿನ ಮೇಲೆ ಸುರಿದರೆ, ಅದು ಹರಡಿ ಸೋಪಿನ ಗುಳ್ಳೆಯಂತೆ ಬಣ್ಣ ಬದಲಿಸುವ ಪೊರೆಯಾಗುತ್ತದೆ. ಆ ಪೊರೆಯನ್ನು ತಂತಿಯ ಚೌಕಟ್ಟಿನಿಂದ ಮೆಲ್ಲನೆ ಎತ್ತಿ ರೆಕ್ಕೆಗೆ ಹೊದಿಸುತ್ತಿದ್ದರು. ಈಗ ಬಹುಮಟ್ಟಿಗೆ ಅತಿ ತೆಳುವಾದ ಪ್ಲಾಸ್ಟಿಕ್ ಪೊರೆ ಅದರ ಸ್ಥಾನಕ್ಕೆ ಬಂದಿದೆ.

ಇಂಥ ವಿಮಾನವನ್ನು ಯಾರೂ ಎಸೆಯುವುದಿಲ್ಲ. ಬೆರಳುಗಳ ನಡುವಿನಿಂದ ಬಿಟ್ಟುಕೊಡುತ್ತಾರೆ, ಅಷ್ಟೆ. ಅದು ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ಸುತ್ತು ಹಾಕುತ್ತ ಏರುತ್ತದೆ. ಪಂಖ ತಿರುಗುವುದನ್ನು ಕಣ್ಣಿನಲ್ಲೇ ಎಣಿಸಬಹುದು. ನುರಿತವರ ವಿಮಾನಗಳು ಒಳ್ಳೆಯ ಛಾವಣಿಯ ಕೆಳಗೆ ಅರ್ಧ ಗಂಟೆಯವರೆಗೂ ಹಾರುವುದುಂಟು. ಪಂದ್ಯದಲ್ಲಿ ಪ್ರತಿಯೊಬ್ಬನಿಗೂ ಆರು ಹಾರಾಟಗಳು. ಅವುಗಳಲ್ಲಿ ಉತ್ತಮವಾದ ಎರಡರ ಕಾಲವನ್ನು ಕೂಡಿ ಗೆದ್ದವರನ್ನು ನಿರ್ಧರಿಸುತ್ತಾರೆ. ಇಂಗ್ಲೆಂಡಿನ ಕಾರ್ಡಿಂಗ್ಟನ್ನಿನಲ್ಲಿ, ಹಿಂದೊಮ್ಮೆ ಆರ್-101 ಎಂಬ ಭಾರಿ ವಾಯುನೌಕೆಯನ್ನು ಕಟ್ಟಿದ ಕೊಟ್ಟಿಗೆಗಳಲ್ಲಿ, ಈ ಪುಟಾಣಿ ವಿಮಾನಗಳು ಹಾರಿವೆ. ರುಮೇನಿಯದ ಸ್ಲಾನಿಕ್ ಎಂಬಲ್ಲಿ ನೆಲದ ಕೆಳಗೆ ಸುಮಾರು 200 ಮೀಟರ್ ಆಳದ ಉಪ್ಪಿನ ಗಣಿಯೊಳಗೆ, 50 ಮೀಟರಿಗೂ ಎತ್ತರವಾದ ಗುಹೆಗಳಲ್ಲಿ, ಜಗತ್ತಿನ ಪಂದ್ಯಗಳು ನಡೆದಿವೆ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಹಗಲಿರುಳೂ ಒಂದೇ ತಂಪು. ವಿಮಾನ ಹಾರಿಸಲು ಪಾತಾಳಕ್ಕಿಳಿಯುವ ಜನ ಬೇರೆಲ್ಲಿ ಸಿಕ್ಕಾರು!

ಬೆಂಗಳೂರಿನ ಪೂರ್ವಭಾಗದ ಮಕ್ಕಳಿಗೆ ವಿಮಾನವೆಂಬುದು ದೂರದ ಕನಸಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ್ದು ಈ ಕಡೆಯಲ್ಲೇ. ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಂಟ್ಲರ ಬಳಿ ಕಲಿತು ಬಂದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಇಲ್ಲಿಂದಲೇ ಮೇಲೆದ್ದಿತು. ತಾತ ಮೊಮ್ಮಗನಿಗೆ ಹೇಳುವ ಕಥೆಗಳಲ್ಲಿ ಇವೆಲ್ಲ ಇರುತ್ತವೆ. ಆದರೆ ಹುಡುಗ ಮತ್ತೆ ಮತ್ತೆ ಕೇಳಬಯಸುವುದು ಮರುತ್ ವಿಮಾನದ ಕಥೆಯನ್ನು.

ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞರ ಮುಖಂಡತ್ವದಲ್ಲಿ ಮರುತ್ ಯುದ್ಧವಿಮಾನದ ರಚನೆ ನಡೆದಾಗ, ಜೆಟ್ ಎಂಜಿನ್ನಿನ ವಿಮಾನ ಸಿದ್ಧವಾಗುವ ಮುನ್ನವೇ ಅದೇ ಆಕಾರದ, ಅದೇ ಗಾತ್ರದ, ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಕಟ್ಟಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿ ಬಿಟ್ಟುಕೊಟ್ಟಿತು. ಹೀಗೆ ಹಲವಾರು ಸಲ ತೇಲಿಸಿ, ಗುಣದೋಷಗಳನ್ನು ಅರಿತ ಮೇಲೆಯೇ 1961ರ ಜೂನ್ 17ರಂದು ಸುರಂಜನ್ ದಾಸರು ನಿಜವಾದ ಮರುತ್ ಅನ್ನು ಹಾರಿಸಿದರು. ಅದೇ ಧೀರ ಚಾಲಕರು 1970ರ ಜನವರಿ 10ರಂದು ಮರುತ್ ವಿಮಾನವನ್ನೇ ಪರೀಕ್ಷಿಸುತ್ತಿದ್ದಾಗ ಬೆಂಗಳೂರಿನಲ್ಲಿ ಮಡಿದರು. ಹಳೆಯ ಮದರಾಸು ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುವ ರಸ್ತೆಗೆ ಅವರ ಹೆಸರಿದೆ. ದಿನವೂ ಅದರ ಮೇಲೆ ಓಡಾಡುವ ಸಾವಿರಾರು ಜನರಲ್ಲಿ ಆ ಹೆಸರಿನ ಹಿಂದಿನ ಬಲಿದಾನವನ್ನು ನೆನೆಯುವವರು ಎಷ್ಟು ಮಂದಿಯೋ!

“ದೊಡ್ಡ ವಿಮಾನ ತಪ್ಪು ಮಾಡಿದ್ರೆ ಒಂದು ಪ್ರಾಣ ಹೋಗುತ್ತೆ ಮಗು. ನಿನ್ನದು ತಪ್ಪು ಮಾಡಿದ್ರೆ ಒಂದು ಸಾಯಂಕಾಲ ಹೋಗುತ್ತೆ. ತಪ್ಪೆಲ್ಲ ಇಲ್ಲೇ ಮಾಡಿ ಮುಗಿಸಿಬಿಡು,” ಎನ್ನುವುದು ತಾತನ ಮಾತು.

ಈಗ ಆ ಕಡೆಯಲ್ಲಿ ಬಯಲುಗಳು ವಿರಳವಾಗಿವೆ. ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಮನೆಗೆ ಮನೆ ಒತ್ತಿ ನಿಂತಿದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಹಳೆಯ ನಿಲ್ದಾಣದಲ್ಲಿ ವಿಮಾನಗಳ ಓಡಾಟ ನಿಂತಿಲ್ಲ; ಅದರ ಸುತ್ತ ರೇಡಿಯೋ ನಿಯಂತ್ರಣದ ಯಂತ್ರಗಳನ್ನು ಹಾರಿಸಲು ಕಟ್ಟುಪಾಡುಗಳಿವೆ. ಹೀಗಿರುವಲ್ಲಿ ನಾಲ್ಕು ಗೋಡೆಗಳ ನಡುವೆ ಸದ್ದಿಲ್ಲದೆ ಹಾರುವ ರಬ್ಬರಿನ ವಿಮಾನಕ್ಕಿಂತ ತಕ್ಕ ಹವ್ಯಾಸ ಇನ್ನಾವುದು? ದಂಡಿನ ಹಳೆಯ ಶಾಲೆಗಳಲ್ಲಿ ಎತ್ತರದ ಛಾವಣಿಯ ಸಭಾಂಗಣಗಳು ಇನ್ನೂ ಉಳಿದಿವೆ. ಬಾಲ್ಸಾ ಸಿಗದಿದ್ದವರು ನವಿರಾಗಿ ಸೀಳಿದ ಬಿದಿರುಕಡ್ಡಿಯಿಂದಲೂ ಪಟದ ತೆಳುಗಾಗದದಿಂದಲೂ ಆರಂಭಿಸಬಹುದು. ವಿಮಾನ ಅರ್ಧ ಗಂಟೆ ಹಾರದು, ಅರ್ಧ ನಿಮಿಷ ಹಾರೀತು. ಮೊದಲ ಪಾಠಕ್ಕೆ ಅದು ಸಾಕು.

ಪಾಠವೂ ಸರಳ. ವಿಮಾನ ಮೂಗು ಎತ್ತಿ ತಡವರಿಸಿ ಹಿಂದಕ್ಕೆ ಜಾರಿದರೆ, ರೆಕ್ಕೆಯನ್ನು ಕಡ್ಡಿಯ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಮೂಗು ತಗ್ಗಿಸಿ ನೆಲಕ್ಕೆರಗಿದರೆ ಮುಂದಕ್ಕೆ ಸರಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯದು.

ಹಲಸೂರಿನ ಹುಡುಗನ ಶಾಲೆಯಲ್ಲಿ ಮರುದಿನವೇ ಪಂದ್ಯ ಎಂದು ಭಾವಿಸಬಹುದು. ಹಿಂದಿನ ರಾತ್ರಿ ಪುಸ್ತಕವೊಂದು ಜಾರಿ ಬಿದ್ದು ಎಡರೆಕ್ಕೆಯ ಕಡ್ಡಿ ಲಟಕ್ಕೆಂದು ಮುರಿಯುತ್ತದೆ. ಹುಡುಗನ ಕಣ್ಣಲ್ಲಿ ನೀರು. ತಾತನ ಕೈಗಳು ತಾವಾಗಿಯೇ ಮೇಜಿನ ಕಡೆಗೆ ಚಾಚುತ್ತವೆ. ಮೂವತ್ತು ವರ್ಷ ರೆಕ್ಕೆಗಳನ್ನು ಜೋಡಿಸಿದ ಕೈಗಳು ಅವು. ಹತ್ತು ನಿಮಿಷದ ಕೆಲಸ. ಆದರೆ ಅವರು ಕೈಗಳನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. “ಅಂಟು ಎಲ್ಲಿದೆ ನೋಡು,” ಎಂದಷ್ಟೇ ಹೇಳುತ್ತಾರೆ. ತಾಯಿ ಕರೆಯದೆಯೇ ಬಂದು ಕಿಟಕಿ ಮುಚ್ಚುತ್ತಾಳೆ.

ಮರುದಿನ ಹುಡುಗ ಮೊದಲ ಹಾರಾಟಕ್ಕೆ ರಬ್ಬರನ್ನು 800 ಸುತ್ತು ಹುರಿಗೊಳಿಸುತ್ತಾನೆ. ವಿಮಾನ ರಭಸದಿಂದೇರಿ ಛಾವಣಿಯ ತೊಲೆಗೆ ಸಿಕ್ಕಿ ನಿಲ್ಲುತ್ತದೆ. ದಾರ ಕಟ್ಟಿದ ಬಲೂನಿನಿಂದ ಅದನ್ನು ಬಿಡಿಸಿ ಇಳಿಸುತ್ತಾರೆ. ಎರಡನೆಯ ಸಲ ಹೆದರಿ 600 ಸುತ್ತು ಮಾತ್ರ. ವಿಮಾನ ಬೇಗನೆ ಇಳಿದುಬಿಡುತ್ತದೆ. ಹೆಚ್ಚಾದರೆ ತೊಲೆ, ಕಡಿಮೆಯಾದರೆ ನೆಲ! ಆಗ ಅವನಿಗೆ ಪುಸ್ತಕದಲ್ಲಿ ಬರೆದಿಟ್ಟದ್ದು ನೆನಪಾಗುತ್ತದೆ: ಹುರಿ ಬಿಚ್ಚುವ ಮೊದಲ ಕ್ಷಣದಲ್ಲೇ ರಬ್ಬರಿನ ರಭಸ ಅತಿ ಹೆಚ್ಚು. ಮೂರನೆಯ ಸಲ ಅವನು 800 ಸುತ್ತು ಹುರಿಗೊಳಿಸಿ, ಬಿಡುವ ಮುನ್ನ 60 ಸುತ್ತನ್ನು ಹಿಂದಕ್ಕೆ ಬಿಚ್ಚುತ್ತಾನೆ. ಆರಂಭದ ಆ ರಭಸ ಅಷ್ಟರಲ್ಲೇ ಇಳಿದಿರುತ್ತದೆ. ಬಲದ ಬಹುಪಾಲು ಉಳಿದಿರುತ್ತದೆ. ವಿಮಾನ ಮೆಲ್ಲಮೆಲ್ಲನೆ ಸುತ್ತುತ್ತ ಏರಿ, ತೊಲೆಗೆ ಒಂದು ಗೇಣು ಕೆಳಗೆ ನಿಂತಂತೆ ತೋರಿ, ಮತ್ತೆ ನಿಧಾನವಾಗಿ ಇಳಿಯತೊಡಗುತ್ತದೆ. ಸಭಾಂಗಣದಲ್ಲಿ ಉಸಿರಾಡುವ ಸದ್ದೂ ಇಲ್ಲ.

ಬಹುಮಾನ ಬೇರೊಬ್ಬ ಹುಡುಗನ ಪಾಲಾಗುತ್ತದೆ. ಸಂಜೆ ಮನೆಗೆ ಬಂದ ಮಗನ ಮುಖ ನೋಡಿ ತಾಯಿ ಏನನ್ನೂ ಕೇಳುವುದಿಲ್ಲ. ಫ್ಯಾನಿನ ಗುಂಡಿ ಒತ್ತುತ್ತಾಳೆ. ಹುಡುಗ ವಿಮಾನವನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿರಿಸಿ ಮುಚ್ಚಳ ಹಾಕಿ, ಪುಸ್ತಕ ತೆರೆಯುತ್ತಾನೆ. ಗೆದ್ದವನ ವಿಮಾನದ ಪಂಖ ತನ್ನದಕ್ಕಿಂತ ಅಗಲವಾಗಿತ್ತೆಂದು ಬರೆದುಕೊಳ್ಳುತ್ತಾನೆ.

“ತಾತ, ನಾಳೆ ಅಗಲದ ಪಂಖ ಮಾಡೋಣವಾ?”

“ಮಾಡು,” ಎನ್ನುತ್ತಾರೆ ತಾತ. “ಅದೊಂದನ್ನೇ ಬದಲಾಯಿಸು.”