ಅರಳಿಕಟ್ಟೆಗೆ ಒಡೆಯನುಂಟೆ?

ಊರೆಂದ ಮೇಲೆ ಒಂದು ಅರಳಿಕಟ್ಟೆ ಇರಬೇಕು. ಸಂಜೆಯಾದರೆ ನಾಲ್ಕು ಜನ ಅಲ್ಲಿ ಸೇರುತ್ತಾರೆ. ಮಳೆಬೆಳೆಯ ಮಾತು, ಪಂಚಾಯಿತಿಯ ಮಾತು, ಹುಡುಗಾಟದ ಮಾತು ಎಲ್ಲವೂ ನಡೆಯುತ್ತವೆ. ಆ ಕಟ್ಟೆಯ ಮೇಲೆ ಎಲ್ಲ ಜಾತಿಯವರಿಗೂ ಸಮಾನವಾದ ಸ್ಥಳ ಹಿಂದೆ ಇರಲಿಲ್ಲವೆಂಬುದು ನಿಜ. ಆದುದರಿಂದಲೇ ಕಟ್ಟೆ ಯಾರದು, ಅಲ್ಲಿ ಕೂರುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆ ಸಣ್ಣದಲ್ಲ. ಇಂದು ನಮ್ಮ ವಯಸ್ಸಿನವರ ಹರಟೆಯೆಲ್ಲ ಮೊಬೈಲಿನ ಗುಂಪುಗಳಲ್ಲಿ ನಡೆಯುತ್ತಿದೆ. ಆ ಗುಂಪುಗಳಿಗೆ ನೆಲ ಕೊಟ್ಟವರು ಕಂಪನಿಗಳು. ನೆಲದ ಒಡೆಯನು ಮನಸ್ಸು ಬಂದಾಗ ನಿಯಮವನ್ನು ಬದಲಿಸಬಲ್ಲನು. ಬೇಡವೆನಿಸಿದರೆ ಬಾಗಿಲನ್ನೇ ಹಾಕಬಲ್ಲನು. ಆರ್ಕುಟ್ ೨೦೧೪ರಲ್ಲಿ ಮುಚ್ಚಿತು. ಯಾಹೂ ಮೆಸೆಂಜರ್ ೨೦೧೮ರಲ್ಲಿ ಮುಚ್ಚಿತು. ಅಲ್ಲಿ ಕೂಡುತ್ತಿದ್ದವರ ಕೈಯಲ್ಲಿ ಏನೂ ಇರಲಿಲ್ಲ. ಮಾತಿನ ಕಟ್ಟೆಗೆ ಒಬ್ಬ ಒಡೆಯನು ಇರಲೇಬೇಕೆ? ಇರಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿಯಾಗಿ ಹಳೆಯದೊಂದು ಏರ್ಪಾಟನ್ನು ಸಹಪಾಠಿ ಮಿತ್ರರ ಮುಂದಿಡುತ್ತೇನೆ.

ಅದರ ಹೆಸರು ಇಂಟರ್‌ನೆಟ್ ರಿಲೇ ಚಾಟ್. ಬಳಸುವವರು ಚಿಕ್ಕದಾಗಿ ಐ. ಆರ್. ಸಿ. ಎನ್ನುತ್ತಾರೆ. ಅನೇಕರು ಏಕಕಾಲದಲ್ಲಿ ಬರಿಯ ಅಕ್ಷರಗಳ ಮೂಲಕ ಮಾತನಾಡುವ ವ್ಯವಸ್ಥೆ ಇದು. ೧೯೮೮ರ ಬೇಸಗೆಯಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕ್ಕೊ ಓಯ್ಕಾರಿನೆನ್ ಎಂಬ ತರುಣನಿಗೆ ಇಲಾಖೆಯ ಕಂಪ್ಯೂಟರನ್ನು ನೋಡಿಕೊಳ್ಳುವ ಕೆಲಸವಿತ್ತು. ಆ ಕೆಲಸ ಅವನ ಪೂರ್ತಿ ಹೊತ್ತನ್ನು ತಿನ್ನುತ್ತಿರಲಿಲ್ಲ. ಬಿಡುವಿನಲ್ಲಿ ಅವನು ಬರೆದದ್ದೇ ಈ ಏರ್ಪಾಟು. ಅದರ ನಿಯಮಗಳೆಲ್ಲ ೧೯೯೩ರ ಮೇ ತಿಂಗಳಿನಲ್ಲಿ ಪ್ರಕಟವಾದವು. ಯಾರು ಬೇಕಾದರೂ ಓದಬಹುದು. ಓದಿ ತಮ್ಮದೇ ತಂತ್ರಾಂಶವನ್ನು ಕಟ್ಟಬಹುದು. ಯಾರಿಗೂ ಕಾಸು ಕೊಡಬೇಕಾಗಿಲ್ಲ. ೧೯೯೧ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಅಧಿಕಾರವನ್ನು ಕಸಿದುಕೊಳ್ಳುವ ಯತ್ನ ನಡೆದು ಪತ್ರಿಕೆ, ದೂರದರ್ಶನಗಳ ಬಾಯಿ ಕಟ್ಟಿದಾಗ, ಅಲ್ಲಿಯ ಸುದ್ದಿ ಹೊರ ಜಗತ್ತಿಗೆ ಹರಿದ ದಾರಿಗಳಲ್ಲಿ ಇದೂ ಒಂದಾಗಿತ್ತು.

ಇದು ಕೆಲಸ ಮಾಡುವ ಬಗೆ ಸರಳವಾದುದು. ಸರ್ವರ್ ಎಂಬ ಕಂಪ್ಯೂಟರು ಹಗಲಿರುಳೂ ಎಚ್ಚರವಾಗಿರುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಕ್ಲೈಂಟ್ ಎಂಬ ಚಿಕ್ಕ ತಂತ್ರಾಂಶವಿರುತ್ತದೆ. ನಾವು ಒಂದು ಸಾಲನ್ನು ಬರೆದೊಡನೆ ಅದು ನಮ್ಮ ಸರ್ವರಿಗೆ ಹೋಗಿ, ಅಲ್ಲಿಂದ ನೆರೆಯ ಸರ್ವರಿಗೆ, ಅಲ್ಲಿಂದ ಮತ್ತೊಂದಕ್ಕೆ ದಾಟಿ, ಆ ಕೂಟದಲ್ಲಿರುವ ಎಲ್ಲರ ಪರದೆಯ ಮೇಲೂ ಮೂಡುತ್ತದೆ. ಸರ್ವರುಗಳು ಮರದ ಕೊಂಬೆಗಳಂತೆ ಜೋಡಿಸಲ್ಪಟ್ಟಿವೆ. ಯಾವ ಎರಡರ ನಡುವೆಯೂ ಒಂದೇ ದಾರಿ. ಈ ಕಾರಣದಿಂದ ಒಂದು ಮಾತು ಎರಡು ಸಲ ಬರುವುದಿಲ್ಲ. ಆದರೆ ನಡುವಿನ ಕೊಂಡಿ ಕಡಿದರೆ ಜಾಲವೇ ಎರಡು ಹೋಳಾಗುತ್ತದೆ. ಮಳೆಗಾಲದಲ್ಲಿ ಸೇತುವೆ ಮುಳುಗಿದಾಗ ಆಚೆ ದಡದ ಊರುಗಳು ದೂರವಾಗುವಂತೆ, ಆಚೆಯವರೆಲ್ಲ ಒಮ್ಮೆಗೇ ಎದ್ದುಹೋದಂತೆ ಕಾಣುತ್ತದೆ. ಕೊಂಡಿ ಕೂಡಿದೊಡನೆ ಒಮ್ಮೆಗೇ ಹಿಂದಿರುಗುತ್ತಾರೆ. ಇದಕ್ಕೆ ನೆಟ್‌ಸ್ಪ್ಲಿಟ್ ಎಂದು ಹೆಸರು. ಹೊಸಬರು ಗಾಬರಿಪಡಬೇಕಾದುದಿಲ್ಲ.

ಸರ್ವರು ಆಗಾಗ್ಗೆ 'ಪಿಂಗ್' ಎಂದು ಕೂಗುತ್ತದೆ. ನಮ್ಮ ತಂತ್ರಾಂಶವು 'ಪಾಂಗ್' ಎಂದು ಓಗೊಡಬೇಕು. ಓಗೊಡದಿದ್ದರೆ ಹೆಸರನ್ನು ಹೊಡೆದುಹಾಕುತ್ತದೆ. ಇದು ಹಾಜರಿ ಕರೆಯುವ ಕ್ರಮ. ಓಗೊಡುವುದು ತಂತ್ರಾಂಶವೇ ಹೊರತು ಮನುಷ್ಯನಲ್ಲವಾದುದರಿಂದ, ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಎದುರಿಗೆ ಕುಳಿತಿದ್ದಾರೆಂದು ತಿಳಿಯಬಾರದು. ಪ್ರಾಕ್ಸಿ ಹಾಜರಿಯ ರಹಸ್ಯವನ್ನು ಬಲ್ಲ ನಮ್ಮ ಮಿತ್ರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊಸದಾಗಿ ಪ್ರವೇಶಿಸುವವರು ಮೊದಲು ಒಂದು ನಿಕ್ ಅನ್ನು, ಎಂದರೆ ಅಡ್ಡಹೆಸರನ್ನು, ಆರಿಸಿಕೊಳ್ಳಬೇಕು. ಮಾತಿನ ಕೂಟಕ್ಕೆ ಚಾನೆಲ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಹೆಸರಿನ ಮುಂದೆ ಹ್ಯಾಷ್ ಗುರುತಿರುತ್ತದೆ. ಆಜ್ಞೆಗಳೆಲ್ಲ ಓರೆಗೆರೆಯಿಂದ ಆರಂಭವಾಗುತ್ತವೆ. ಓರೆಗೆರೆ ಹಾಕಿ 'ಜಾಯಿನ್' ಎಂದು ಬರೆದರೆ ಕೂಟದೊಳಕ್ಕೆ, 'ಪಾರ್ಟ್' ಎಂದರೆ ಕೂಟದಿಂದಾಚೆಗೆ. 'ಎಮ್‌ಎಸ್‌ಜಿ' ಎಂದರೆ ಒಬ್ಬರೊಡನೆ ಮಾತ್ರ ಮಾತು. 'ಕ್ವಿಟ್' ಎಂದರೆ ನಮಸ್ಕಾರ ಹೇಳಿ ಮನೆಗೆ. ಓರೆಗೆರೆಯಿಲ್ಲದ ಸಾಲು ಎಲ್ಲರಿಗೂ ಕಾಣುತ್ತದೆ. ಓರೆಗೆರೆಯ ಮೊದಲು ಒಂದು ಖಾಲಿ ಜಾಗ ಉಳಿದರೂ ಸಾಕು, ಒಬ್ಬರ ಕಿವಿಯಲ್ಲಿ ಹೇಳಬೇಕಾದುದು ಊರಿಗೆಲ್ಲ ಡಂಗುರವಾಗುತ್ತದೆ. ಗುಪ್ತಪದವನ್ನು ಬರೆಯುವಾಗಲಂತೂ ಈ ಎಚ್ಚರ ಅಗತ್ಯ.

ಇನ್ನು ನಡತೆ. ಒಳಗೆ ಬಂದವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಅಲ್ಲಿಯ ಮಾತಿನ ವರಸೆಯನ್ನು ತಿಳಿಯಬೇಕು. 'ಒಂದು ಪ್ರಶ್ನೆ ಕೇಳಬಹುದೆ?' ಎಂದು ಕೇಳಬೇಕಾಗಿಲ್ಲ, ಪ್ರಶ್ನೆಯನ್ನೇ ಕೇಳಬೇಕು, ಕೇಳಿ ಕಾಯಬೇಕು. ಉತ್ತರ ಬಲ್ಲವನು ಬೇರೊಂದು ಖಂಡದಲ್ಲಿ ನಿದ್ರಿಸುತ್ತಿರಬಹುದು. ಹಳೆಯ ನಿಯಮದ ಸರ್ವರು ಕೂಟದ ಮಾತನ್ನು ಕೂಡಿಡುವುದಿಲ್ಲ. ನಾವು ಬರುವ ಮೊದಲು ಏನು ನಡೆಯಿತೋ ನಮಗೆ ಕಾಣದು. ಕಟ್ಟೆಯ ಮಾತೂ ಹಾಗೆಯೇ ಅಲ್ಲವೆ? ಕೇಳುಗರಲ್ಲಿ ಯಾರಾದರೂ ಬರೆದಿಟ್ಟುಕೊಳ್ಳಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರತಿಯೊಂದು ಚಾನೆಲಿಗೂ ಆಪರೇಟರು ಇರುತ್ತಾರೆ. ಹಳೆಯ ಪದ್ಧತಿಯಂತೆ ಬರಿದಾದ ಕೂಟಕ್ಕೆ ಮೊದಲು ಬಂದವನಿಗೇ ಆ ಪಟ್ಟ. ಅವನು ಅಸಭ್ಯನನ್ನು ಹೊರದಬ್ಬಬಲ್ಲನು, ಮತ್ತೆ ಬಾರದಂತೆ ತಡೆಯಬಲ್ಲನು. ಇವರಲ್ಲಿ ಸಜ್ಜನರೂ ಉಂಟು, ಪುಟ್ಟ ಪಾಳೆಯಗಾರರೂ ಉಂಟು. ಆದರೆ ಪಾಳೆಯಗಾರನ ಆಟ ಹೆಚ್ಚು ಕಾಲ ನಡೆಯದು. ಏಕೆಂದರೆ ಎದ್ದುಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ೧೯೯೦ರಲ್ಲಿ, ಯಾವ ಸರ್ವರು ಬೇಕಾದರೂ ಕೇಳದೆಯೇ ಬಂದು ಸೇರಬಹುದೇ ಎಂಬ ವಿವಾದದಿಂದ ಜಾಲ ಒಡೆದು ಇ. ಎಫ್. ನೆಟ್ ಹುಟ್ಟಿತು. ೧೯೯೬ರ ಜುಲೈನಲ್ಲಿ ಅದೂ ಒಡೆದು, ಬಹುಮಟ್ಟಿಗೆ ಯೂರೋಪಿನವರು ಐ. ಆರ್. ಸಿ. ನೆಟ್ ಎಂದು ಬೇರೆಯಾದರು. ೨೦೨೧ರ ಮೇ ತಿಂಗಳಿನಲ್ಲಿ ನಡೆದುದು ಇನ್ನೂ ಗಮನಾರ್ಹ. ಫ್ರೀನೋಡ್ ಎಂಬ ದೊಡ್ಡ ಜಾಲದ ಒಡೆತನದ ಬಗ್ಗೆ ಜಗಳವೆದ್ದಿತು. ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಒಟ್ಟಾಗಿ ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಎಂಬ ಹೊಸ ಜಾಲವನ್ನು ಕಟ್ಟಿದರು. ಸ್ವೀಡನ್ನಿನಲ್ಲಿ ನೆಲೆಯುಳ್ಳ ಅದು ಲಾಭವಿಲ್ಲದ ಸಂಘ. ವಿಕಿಮೀಡಿಯದ ಕೂಟಗಳೂ ಅನೇಕ ಮುಕ್ತ ತಂತ್ರಾಂಶಗಳ ಕೂಟಗಳೂ ಅಲ್ಲಿಗೆ ಗುಳೆ ಹೋದವು. ಜನರು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಅದೇ ತಂತ್ರಾಂಶ, ಅವೇ ಆಜ್ಞೆಗಳು. ಬದಲಾದುದು ಸರ್ವರಿನ ವಿಳಾಸವೊಂದೇ. ನಿಯಮವು ಸಾರ್ವಜನಿಕರ ಸ್ವತ್ತಾಗಿದ್ದರೆ ಕಟ್ಟೆಯನ್ನು ಕೊಂಡವನಿಗೆ ಕಲ್ಲು ಮಾತ್ರ ಸಿಕ್ಕುತ್ತದೆ, ಜನ ಸಿಕ್ಕುವುದಿಲ್ಲ. ಕಂಪನಿಯ ಗುಂಪನ್ನು ನಾವು ಹೀಗೆ ಬಿಟ್ಟುಹೋಗಬಲ್ಲೆವೆ?

ಕಲಾವಿಭಾಗದವರಿಗೆ ಈ ಯಂತ್ರದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಇದು ಯಂತ್ರದ ವಿಚಾರಕ್ಕಿಂತ ಹೆಚ್ಚಾಗಿ ಪೌರನೀತಿಯ ವಿಚಾರ. ಅಧಿಕಾರ ಯಾರದು, ನಿಯಮವನ್ನು ಬರೆಯುವವರು ಯಾರು, ಒಪ್ಪದವನಿಗೆ ದಾರಿ ಯಾವುದು ಎಂದು ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಓದುವುದಿಲ್ಲವೆ?

ಮುಖವಾಡದ ಹೆಸರಿನ ಮರೆಯಲ್ಲಿ ದುರ್ನಡತೆ ಬೆಳೆಯುತ್ತದೆಂಬ ಆಕ್ಷೇಪಣೆಯೂ ಉಂಟು. ಇದರಲ್ಲಿ ಸತ್ಯವಿದೆ. ಆದರೆ ಫೋನ್ ನಂಬರನ್ನೇ ಗುರುತಾಗಿಟ್ಟುಕೊಂಡ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿನಿಯ ನಂಬರು ಪರಿಚಯವಿಲ್ಲದವರ ಕೈಗೂ ಹೋಗುವುದರಲ್ಲಿ ಅಪಾಯವಿಲ್ಲವೆ? ಪಾಠದ ಸಂದೇಹವನ್ನು ಕೇಳುವುದಕ್ಕೆ ಆಕೆ ತನ್ನ ನಂಬರನ್ನು ಊರಿಗೆಲ್ಲ ಕೊಡಬೇಕೆ? ಐ. ಆರ್. ಸಿ.ಯಲ್ಲಿ ನಿಕ್ ಸಾಕು. ಕಂಪ್ಯೂಟರಿನ ಜಾಲವಿಳಾಸ ಇತರರಿಗೆ ಕಾಣುವುದುಂಟು; ಅದನ್ನು ಮರೆಮಾಡುವ ಅನುಕೂಲವನ್ನು ಅನೇಕ ಜಾಲಗಳು ಒದಗಿಸಿವೆ. ಸರ್ವರನ್ನು ನಡೆಸುವವನು ಮನಸ್ಸುಮಾಡಿದರೆ ನಮ್ಮ ಮಾತನ್ನು ಓದಬಲ್ಲನೆಂಬುದನ್ನೂ ಮರೆಯಬಾರದು. ಗುಟ್ಟಿನ ಮಾತಿಗೆ ಇದು ಸ್ಥಳವಲ್ಲ. ನಾಲ್ಕು ಜನರ ನಡುವಿನ ಮಾತಿಗೆ ಸ್ಥಳ. ಚಿತ್ರವಿಲ್ಲ, ಧ್ವನಿಯಿಲ್ಲ, ಬರುವವರ ಸಂಖ್ಯೆಯೂ ಹಿಂದಿಗಿಂತ ಬಹಳ ಇಳಿದಿದೆ. ಇವನ್ನೆಲ್ಲ ಒಪ್ಪುತ್ತೇನೆ. ಆದರೂ ಹಳೆಯ ಕಂಪ್ಯೂಟರಿನಲ್ಲಿ, ನಿಧಾನವಾದ ಸಂಪರ್ಕದಲ್ಲಿಯೂ ಇದು ನಡೆಯುತ್ತದೆಂಬ ಗುಣ ನಮ್ಮಂಥ ಸರ್ಕಾರಿ ಕಾಲೇಜಿನವರಿಗೆ ಕಡಮೆಯದೇನೂ ಅಲ್ಲ.

ಕನ್ನಡಿಗನಾಗಿ ನನಗೆ ಒಂದು ಕೊರಗಿದೆ. ಈ ನಿಯಮಗಳಿಗೆ ಹುಟ್ಟಿದೂರಿನ ಮಣ್ಣು ಅಂಟಿದೆ. ಮೂಲ ನಿಯಮದಲ್ಲಿ ಚೌಕ ಆವರಣವು ದೊಡ್ಡಕ್ಷರವೆಂದೂ ಪುಷ್ಪ ಆವರಣವು ಅದರ ಚಿಕ್ಕಕ್ಷರವೆಂದೂ ಎಣಿಕೆ. ಏಕೆಂದರೆ ಆ ಕಾಲದ ಫಿನ್ಲೆಂಡಿನ ಕಂಪ್ಯೂಟರುಗಳಲ್ಲಿ ಆ ಸ್ಥಾನದಲ್ಲಿ ಅವರ ಭಾಷೆಯ ಅಕ್ಷರಗಳಿದ್ದವು. ಕನ್ನಡಕ್ಕೆ ಅಂಥ ಭಾಗ್ಯವಿರಲಿಲ್ಲ. ಮೂಲ ನಿಯಮದಂತೆ ನಿಕ್ ಇಂಗ್ಲಿಷಿನ ಅಕ್ಷರಗಳಲ್ಲಿಯೇ ಇರಬೇಕು. ಒಂದು ಸಾಲು ೫೧೨ ಬೈಟುಗಳನ್ನು ಮೀರಬಾರದು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಇಂದು ಬಳಕೆಯಲ್ಲಿರುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟು ಬೇಕು. 'ಕ್ಷ' ಎಂಬ ಒಂದೇ ಒತ್ತಕ್ಷರಕ್ಕೆ ೯ ಬೈಟು! ಅವರು ಮೂರು ಮಾತಾಡುವಲ್ಲಿ ನಾವು ಒಂದು ಮಾತಾಡಿ ಸಾಲನ್ನು ಮುರಿಯಬೇಕು. ಇದು ಯಾರ ದ್ವೇಷವೂ ಅಲ್ಲ. ನಿಯಮ ಬರೆಯುವ ಹೊತ್ತಿಗೆ ನಾವು ಅಲ್ಲಿರಲಿಲ್ಲ, ಅಷ್ಟೆ. ಆದರೆ ಬರೆದ ನಿಯಮ ಬಯಲಲ್ಲಿರುವುದರಿಂದಲೇ ಈ ಕೊರತೆ ನಮಗೆ ಕಾಣುತ್ತದೆ, ತಿದ್ದುವುದಕ್ಕೂ ದಾರಿ ಇರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಅನ್ಯಾಯ ಕಾಣುವುದೂ ಇಲ್ಲ.

ಆದುದರಿಂದ ನನ್ನ ಸಲಹೆ ಇಷ್ಟೆ. ನಮ್ಮ ಕಾಲೇಜಿನಲ್ಲಿ ಮೂಲೆಗೆ ಬಿದ್ದ ಒಂದು ಹಳೆಯ ಕಂಪ್ಯೂಟರನ್ನು ಸರ್ವರಾಗಿ ಮಾಡಬಹುದು. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ; ಕಾಲೇಜಿನ ಒಳಗಿನ ಸಂಪರ್ಕಕ್ಕೆ ಹೊರಗಿನ ಇಂಟರ್‌ನೆಟ್ ಸಹ ಬೇಕಿಲ್ಲ. ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲು, ಚರ್ಚಾಕೂಟಕ್ಕೊಂದು ಚಾನೆಲು ಇರಲಿ. ಆಪರೇಟರರನ್ನು ಪ್ರತಿ ಅವಧಿಗೂ ವಿದ್ಯಾರ್ಥಿಗಳೇ ಚುನಾಯಿಸಲಿ; ನಿಯಮಗಳನ್ನು ಕನ್ನಡದಲ್ಲಿ ಬರೆದು ಸೂಚನಾಫಲಕದ ಮೇಲೆ ಅಂಟಿಸಲಿ. ಅಧ್ಯಾಪಕರೂ ಬಂದು ಕುಳಿತುಕೊಳ್ಳಲಿ. ಅಲ್ಲಿ ಅವರಿಗೆ ಮೇಜಿಲ್ಲ, ವೇದಿಕೆಯಿಲ್ಲ, ನಮ್ಮ ಸಾಲಿನಂತೆ ಅವರದೂ ಒಂದು ಸಾಲು. ಜಗಳಗಳು ಬಂದೇ ಬರುತ್ತವೆ. ಬರಲಿ. ಜಗಳವನ್ನು ನಾವೇ ಮಾಡಿದ ನಿಯಮದಿಂದ ನಾವೇ ಬಗೆಹರಿಸಿಕೊಳ್ಳುವುದನ್ನು ಕಲಿಯದೆ ಪದವಿಯೊಂದನ್ನು ಪಡೆದು ಹೊರಬಿದ್ದರೆ, ಪ್ರಜಾಪ್ರಭುತ್ವದ ಪಾಠವನ್ನು ನಾವು ಪರೀಕ್ಷೆಗೆ ಮಾತ್ರ ಓದಿದಂತಾಗುತ್ತದೆ.