ಓಟಿಟಿಗೆ ಬರ್ಲಿ, ನೋಡೋಣ

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಆಫೀಸಿನ ಕ್ಯಾಂಟೀನಲ್ಲಿ ಒಂದು ಕನ್ನಡ ಸಿನೆಮಾ ಬಗ್ಗೆ ಹೇಳ್ತಿದ್ದೆ. ಎದುರಿಗಿದ್ದ ಗೆಳೆಯ, ಹಾಸನದ ಕಡೆಯ ಅಚ್ಚ ಕನ್ನಡಿಗನೇ, ಮೊಸರನ್ನ ಕಲಸುತ್ತಾ "ಓಟಿಟಿಗೆ ಬರ್ಲಿ ಬಿಡು, ನೋಡೋಣ" ಅಂದ. ಅಂದವನೇ ಕೊರಿಯಾದ ಯಾವುದೋ ಸೀರೀಸನ್ನು ಒಂದೇ ವೀಕೆಂಡಲ್ಲಿ ಮುಗಿಸಿದ ಕಥೆ ಶುರು ಮಾಡಿದ. ಕೊನೆಗೊಂದು ಷರಾ ಬೇರೆ: "ನಮ್ಮೋರು ಇಂಥದ್ದೆಲ್ಲ ಎಲ್ಲಿ ಮಾಡ್ತಾರೆ ಗುರೂ?"

ಅಲ್ಲಿ ಉತ್ತರ ಕೊಡೋಕೆ ಆಗ್ಲಿಲ್ಲ, ಒಂದೂವರೆಗೆ ಮೀಟಿಂಗ್ ಇತ್ತು. ಅದಕ್ಕೇ ಇಲ್ಲಿ ಕೊಡ್ತಿದ್ದೀನಿ.

ಮೊದಲು 'ಶಿವಮ್ಮ ಯರೇಹಂಚಿನಾಳ'. ಜೈಶಂಕರ್ ಆರ್ಯರ್ ನಿರ್ದೇಶನ. ಕೊಪ್ಪಳ ಕಡೆಯ ಹಳ್ಳಿ, ಬಿಸಿಯೂಟದ ಅಡುಗೆ ಮಾಡುವ ಹೆಂಗಸು, ಮನೆ ತುಂಬ ಸಾಲ. ಅದರಿಂದ ಪಾರಾಗೋಕೆ ನೆಟ್‌ವರ್ಕ್ ಮಾರ್ಕೆಟಿಂಗಿನ ಬಲೆಗೆ ಬೀಳ್ತಾಳೆ. ಪಾತ್ರ ಮಾಡಿದವರು ಹೆಚ್ಚಾಗಿ ಆ ಊರಿನ ಜನರೇ. ಶಿವಮ್ಮ ಪೆದ್ದಿ ಅಂತ ಸಿನೆಮಾ ಎಲ್ಲೂ ಹೇಳಲ್ಲ, ಬಡವಿ ಅಂತ ಪಿಟೀಲೂ ಕುಯ್ಯಲ್ಲ. ನಮ್ಮ ಕಾಲೇಜಿನಲ್ಲೂ ಇಂಥದ್ದೇ ಸ್ಕೀಮಿಗೆ ಸೇರಿ ಹಾಸ್ಟೆಲ್ ಫೀಸು ಕಳಕೊಂಡವರಿದ್ದರು, ಇಂಜಿನಿಯರಿಂಗ್ ಓದಿದ ಬುದ್ಧಿವಂತರೇ! 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು ಇದಕ್ಕೆ. ಬೂಸಾನ್ ಇರೋದೂ ಕೊರಿಯಾದಲ್ಲೇ ಸ್ವಾಮಿ. ಕೊರಿಯಾದವರು ಕರೆದು ಪ್ರಶಸ್ತಿ ಕೊಟ್ಟ ಸಿನೆಮಾ 2024ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ನಾನು ಹೋದ ಶೋನಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ಜನ.

'ಫೋಟೋ', ಉತ್ಸವ್ ಗೋನವಾರ ಅವರದು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅನ್ನೋ ಹುಡುಗ ರಾಯಚೂರು ಕಡೆಯಿಂದ ಅಪ್ಪನ ಹತ್ತಿರ ಬರ್ತಾನೆ, ಲಾಕ್‌ಡೌನ್ ಆಗುತ್ತೆ, ಅಪ್ಪ ಮಗ ಊರಿಗೆ ನಡೆಯೋಕೆ ಶುರು ಮಾಡ್ತಾರೆ. 2020ರಲ್ಲಿ ನಾವೆಲ್ಲ ಮನೆಯಲ್ಲಿ ಕೂತು ಡಾಲ್ಗೋನಾ ಕಾಫಿ ಕಲಸುತ್ತಿದ್ದಾಗ ಆಗಿದ್ದಿದು. ನೋಡಿದ ರಾತ್ರಿ ಊಟ ಸೇರಲಿಲ್ಲ.

'ಏಕಂ', ಕರಾವಳಿಯ ಏಳು ಕಥೆಗಳ ಸೀರೀಸು. ಏಳೂ ಒಂದೇ ಮಟ್ಟದಲ್ಲಿಲ್ಲ, ಒಂದೆರಡು ಎಳೆದಾಡಿವೆ. ಆದ್ರೆ ಗೆಳೆಯ ಕೇಳಿದ 'ಇಂಥದ್ದು' ಇದೇ ಅಲ್ವಾ? ರಕ್ಷಿತ್ ಶೆಟ್ಟಿ ಬೆನ್ನಿಗಿದ್ದರೂ, ಪ್ರಕಾಶ್ ರೈ, ರಾಜ್ ಬಿ. ಶೆಟ್ಟಿ ನಟಿಸಿದ್ದರೂ ಯಾವ ಓಟಿಟಿಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈಯಲ್ಲಿ ಅವರೇ ಒಂದು ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಟ್ಟರು.

ಈಗ ಹೇಳಿ, 'ಓಟಿಟಿಗೆ ಬರ್ಲಿ' ಅಂದ್ರೆ ಎಲ್ಲಿಂದ ಬರ್ಬೇಕು? ಥಿಯೇಟರಿನಲ್ಲಿ ಓಡಲಿಲ್ಲ ಅಂತ ಓಟಿಟಿಯವರು ಕೊಳ್ಳಲ್ಲ. ಓಟಿಟಿಗೆ ಬರ್ಲಿ ಅಂತ ನಾವು ಥಿಯೇಟರಿಗೆ ಹೋಗಲ್ಲ. ಐದನೇ ಸೆಮಿಸ್ಟರಿನ ಆಪರೇಟಿಂಗ್ ಸಿಸ್ಟಮ್ ಪಾಠ ನೆನಪಿದ್ಯಾ? ಇದಕ್ಕೇ ಡೆಡ್‌ಲಾಕ್ ಅಂತಿದ್ದಿದ್ದು.

ಟಿಕೆಟ್ ದುಬಾರಿ ಅಂತೀರಾ? ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಸಂಸಾರ ಸಮೇತ ಹೋಗೋರಿಗೆ ನಿಜಕ್ಕೂ ಕಷ್ಟ, ಅವರನ್ನ ನಾನೇನೂ ಅನ್ನಲ್ಲ. ಆದ್ರೆ ಹಾಲಿವುಡ್ ಸೂಪರ್‌ಹೀರೋಗೆ ಮೊದಲ ದಿನವೇ ಬುಕ್ ಮಾಡುವ ನಮ್ಮ ಟೀಮಿಗೆ ಈ ನೆಪ ಒಪ್ಪಲ್ಲ. ಎಲ್ಲ ಕನ್ನಡ ಸಿನೆಮಾನೂ ನೋಡಿ ಅಂತಲೂ ಅಲ್ಲ. ಲಾಂಗು ಮಚ್ಚಿನ ಕಸವನ್ನು ಕನ್ನಡ ಅಂತ ಸಹಿಸೋದು ಅಭಿಮಾನ ಅಲ್ಲ, ಕಾಯಿಲೆ.

ಗಂಟು ಬಿಚ್ಚೋದು ನಮ್ಮ ಕೈಲೇ ಇದೆ ಅನ್ನೋಕೆ 2025ರ 'ಸು ಫ್ರಮ್ ಸೋ' ಸಾಕು. ಮಾಸ್ ಹೀರೋ ಇಲ್ಲ, ಕರಾವಳಿಯ ಹಳ್ಳಿ, ಒಂದು ದೆವ್ವದ ಗಲಾಟೆ. ನೋಡಿದವರು ನಾಲ್ಕು ಜನಕ್ಕೆ ಹೇಳಿದರು, ಶೋಗಳು ಹೆಚ್ಚಿದವು, ಆಮೇಲೆ ಟಿಕೆಟ್ಟೇ ಸಿಗ್ತಿರಲಿಲ್ಲ.

ನಾನೇನು ಸಾಚಾ ಅಲ್ಲ. 'ಫೋಟೋ'ಗೆ ಮುಂದಿನ ವಾರ ಹೋದ್ರಾಯ್ತು ಅಂತ ಕೂತೆ, ಹೋಗುವಷ್ಟರಲ್ಲಿ ಎತ್ತಂಗಡಿ ಆಗಿತ್ತು. ಆಮೇಲೆ ಗೆಳೆಯರು ಏರ್ಪಡಿಸಿದ ಪ್ರದರ್ಶನದಲ್ಲಿ ನೋಡಿದ್ದು. ಬರೆಯೋ ನಮಗೆಲ್ಲ ಒಂದೇ ಕೋರಿಕೆ: ಸಿನೆಮಾ ಸತ್ತ ಮೇಲೆ ಎರಡು ಪುಟದ ಶ್ರದ್ಧಾಂಜಲಿ ಬೇಡ. ಶುಕ್ರವಾರ ನೋಡಿ, ಶನಿವಾರ ನಾಲ್ಕು ಸಾಲು ಬರೀರಿ. ನಾನೂ ಈ ಶುಕ್ರವಾರದಿಂದ ಶುರು. ಹಾಸನದ ಗೆಳೆಯನಿಗೂ ಒಂದು ಟಿಕೆಟ್ ನನ್ನ ಲೆಕ್ಕದಲ್ಲೇ ತೆಗೀತೀನಿ, ಬರಲ್ಲ ಅನ್ನಲಿ ನೋಡೋಣ!