ಬಿಟ್ಟು ಬಂದರೆ ಪಾಪ ಬರಲ್ವಾ?

ದೇವನಹಳ್ಳಿ ಕೋಟೆ ಕಡೆಯಿಂದ ಒಂದು ಸಂಜೆ ನಡೆದು ಬರುತ್ತಿದ್ದೆವು. ರಸ್ತೆ ಬದಿಯ ಮೋರಿಯೊಳಗಿಂದ ಮರಿಗಳ ಕೂಗು. ಟಾರ್ಚ್ ಬಿಟ್ಟು ನೋಡಿದರೆ ಒಂದು ಬೂಸಾ ಚೀಲ, ಬಾಯಿಗೆ ಹಳೆ ಸೀರೆಯ ಅಂಚು ಕಟ್ಟಿತ್ತು. ಕೋಲಿನಿಂದ ಎಳೆದು ಬಿಚ್ಚಿದೆವು. ನಾಲ್ಕು ಬೆಕ್ಕಿನ ಮರಿ. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಂದು ಸತ್ತಿತ್ತು.

ಯಾರು ಹಾಕಿದ್ದು? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕರೆಸುವಷ್ಟು ಕಷ್ಟವೇನೂ ಆಗಲಿಲ್ಲ. ಮಾರನೇ ದಿನ ಬೆಳಗ್ಗೆ ಸುತ್ತಲಿನ ಮನೆಗಳಲ್ಲಿ "ಬೆಕ್ಕಿನ ಮರಿ ಸಿಕ್ಕಿವೆ, ಸಾಕ್ತೀರಾ?" ಅಂತ ಕೇಳುತ್ತಾ ಹೋದೆವು. ಎಷ್ಟು ಅಂತ ಎಲ್ಲೂ ಹೇಳಲಿಲ್ಲ. ಒಂದು ಮನೆಯ ಅಜ್ಜಿ ಮೆಲ್ಲಗೆ ಕೇಳಿದರು: "ನಾಲ್ಕೂ ಬದುಕಿದಾವೇನಪ್ಪ?"

ಅಜ್ಜಿ ಕೆಟ್ಟವರಲ್ಲ. ಕೂರಿಸಿ ಕಾಫಿ ಕೊಟ್ಟರು. "ಬೆಕ್ಕು ಕೊಂದ್ರೆ ಪಾಪ, ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕು ಅಂತಾರೆ. ಅದ್ಕೇ ಕೊಲ್ಲಲಿಲ್ಲ, ಮಗನ ಕೈಲಿ ಬಿಟ್ಟು ಬರೋಕೆ ಹೇಳ್ದೆ" ಅಂದರು. ಹಿತ್ತಲಲ್ಲಿ ತಾಯಿ ಬೆಕ್ಕು ಅರಚುತ್ತಾ ಓಡಾಡುತ್ತಿತ್ತು. ಉಳಿದ ಮೂರು ಮರಿಗಳನ್ನು ಅದರ ಹತ್ತಿರವೇ ಬಿಟ್ಟೆವು. ಅಜ್ಜಿ ಬೇಡ ಅನ್ನಲಿಲ್ಲ.

ನಮ್ಮ ಜಗಳ ಅಜ್ಜಿಯ ಜೊತೆಗಲ್ಲ, ಆ 'ಬಿಟ್ಟು ಬರೋದು' ಅನ್ನೋ ಮಾತಿನ ಜೊತೆಗೆ. ಕಣ್ಣು ಬಿಡದ ಮರಿಗೆ ತಾಯಿ ಹಾಲು, ತಾಯಿ ಮೈಯ ಬಿಸಿ ಬಿಟ್ಟು ಬೇರೆ ಗತಿಯಿಲ್ಲ. ಅದನ್ನು ಮೋರಿಗೆ ಹಾಕಿದರೆ ಕೊಂದ ಹಾಗೇ, ನಿಧಾನವಾಗಿ ಅಷ್ಟೇ. ನಮ್ಮ ಕಣ್ಣ ಮುಂದೆ ಸಾಯಲಿಲ್ಲ ಅಂತ ಪಾಪದ ಲೆಕ್ಕ ತಪ್ಪುತ್ತದಾ?

ಕಾನೂನೂ ಇದೆ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1960ರ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಇಬ್ಬರು ಟೀ, ಬೋಂಡಾ ತಿಂದರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಚೀಲ ಕಟ್ಟಿದರೆ ಸಮಸ್ಯೆ ಮುಗಿಯುವುದೂ ಇಲ್ಲ. ಬೆಕ್ಕಿನ ಬಸುರು ಸುಮಾರು ಎರಡು ತಿಂಗಳು. ಮರಿ ಕಳೆದುಕೊಂಡದ್ದು ಬೇಗ ಮತ್ತೆ ಬೆದೆಗೆ ಬರುತ್ತದೆ. ಒಂದೇ ವರ್ಷದಲ್ಲಿ ಇನ್ನೊಂದು ಚೀಲ, ಮತ್ತೊಂದು ಚೀಲ. ತಾಯಿಗೆ ಒಂದು ಆಪರೇಷನ್ ಮಾಡಿಸಿದರೆ ಎಲ್ಲ ನಿಲ್ಲುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ಬಳ್ಳಾರಿ ರಸ್ತೆಯಲ್ಲೇ ಇದೆ, ನಿಜ. ಆದರೆ ಒಂದು ದಿನದ ಕೂಲಿ ಬಿಟ್ಟು, ಬುಟ್ಟಿಯಲ್ಲಿ ಬೆಕ್ಕು ಹಿಡಿದು ಬಸ್ ಹತ್ತುವವರು ಯಾರು? ಹಸುವಿಗೆ ಹುಷಾರಿಲ್ಲ ಅಂತ 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುವ ವ್ಯವಸ್ಥೆ ಇದೆ. ಬೀದಿ ನಾಯಿಗಳ ಸಂತಾನಹರಣಕ್ಕೆ 2023ರ ನಿಯಮಗಳಿವೆ. ಮುಂಬೈ ಪಾಲಿಕೆ ಬೆಕ್ಕುಗಳಿಗೂ ಮಾಡಿಸುತ್ತದೆ. ನಮ್ಮ ತಾಲ್ಲೂಕಲ್ಲಿ ತಿಂಗಳಿಗೆ ಒಂದು ದಿನ ಬೆಕ್ಕಿಗೆ ಅಂತ ಇಡಿ ಅಂದರೆ ಅದು ದೊಡ್ಡ ಬೇಡಿಕೆಯಾ?

"ಮನುಷ್ಯರಿಗೇ ಗತಿಯಿಲ್ಲ, ನಿಮಗೆ ಬೆಕ್ಕಿನ ಚಿಂತೆ" ಅಂತ ಬೈಯುವವರು ಇರುತ್ತಾರೆ. ಸ್ವಾಮಿ, ನಿಮ್ಮ ರಾಗಿ ಮೂಟೆಯನ್ನು ಇಲಿಯಿಂದ ಕಾಯುತ್ತಿರುವುದು ಯಾರು, ಸಂಬಳ ಇಲ್ಲದೆ?

ಈಗ ಮರಿಗಳು ಓಡಾಡುತ್ತಿವೆ. ಎರಡಕ್ಕೆ ಮನೆ ಸಿಕ್ಕಿದೆ. ಮೂರನೆಯದನ್ನು ನೋಡೋಕೆ ಬಂದವರೆಲ್ಲ ಬಾಲ ಎತ್ತಿ, ಹೆಣ್ಣು ಅಂತ ಗೊತ್ತಾದ ಮೇಲೆ ವಾಪಸ್ ಹೋಗಿದ್ದಾರೆ. ಬೂದು ಬಣ್ಣ, ಚುರುಕಾಗಿದೆ. ಆಪರೇಷನ್ನಿಗೆ ಹೆಬ್ಬಾಳಕ್ಕೆ ನಾವೇ ಕರೆದುಕೊಂಡು ಹೋಗುತ್ತೇವೆ. ಸಾಕುವವರು ಹೇಳಿ.